ಡ್ಯಾನ್ಸ್ ಪರೀಕ್ಷೆಯಲ್ಲಿ ಚೀಟಿ ಸಿಕ್ಕಿತು, ಅನುಭವ ಇದ್ದವರು ಹೇಳಿ

ಕೇಳಿದವರು: ಹಾಸನದ ಭರತನಾಟ್ಯ ಟೀಚರ್

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ನಾವು ನಾಲ್ಕು ಜನ ಟೀಚರ್‌ಗಳು ಸೇರಿಕೊಂಡು, ಜೂನಿಯರ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಒಂದು ಮಾದರಿ ಪರೀಕ್ಷೆ ಮಾಡಿದೆವು. ಬೆಳಿಗ್ಗೆ ಥಿಯರಿ, ಮಧ್ಯಾಹ್ನ ಪ್ರಾಕ್ಟಿಕಲ್. ಮೊದಲ ಮೂರು ಜನಕ್ಕೆ ಬಹುಮಾನ ಬೇರೆ ಇಟ್ಟಿದ್ದೆವು, ಅದೇ ತಪ್ಪಾಯಿತೇನೋ. ಥಿಯರಿಯಲ್ಲಿ 13 ವರ್ಷದ ಹುಡುಗಿ ಹತ್ತಿರ ಚೀಟಿ ಸಿಕ್ಕಿತು. ನನ್ನದೇ ಶಿಷ್ಯೆ, ಅವಳ ಅಮ್ಮ ನನಗೆ ತುಂಬಾ ಪರಿಚಯ. ಮಧ್ಯಾಹ್ನ ಇನ್ನೊಬ್ಬ ಟೀಚರ್ ನಟ್ಟುವಾಂಗಕ್ಕೆ (ಎದುರು ಕೂತು ತಾಳ ಹಾಕಿ ಕುಣಿಸೋದಕ್ಕೆ) ಕೂತು, ತಮ್ಮ ಮಕ್ಕಳಿಗೆ ಮುಂದಿನ ಅಡವು, ಅಂದರೆ ಹೆಜ್ಜೆ, ಯಾವುದು ಅಂತ ಕಣ್ಣಲ್ಲಿ, ಗಲ್ಲದಲ್ಲಿ ತೋರಿಸುತ್ತಾ ಇದ್ದರು. ಹುಡುಗಿಯ ಚೀಟಿ ಬಗ್ಗೆ ಎಲ್ಲರೂ ಮಾತಾಡಿದರು. ಅವರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ, ನಾನೂ ಸೇರಿ. ಮುಂದಿನ ತಿಂಗಳು ಇನ್ನೊಂದು ಸುತ್ತು ಇದೆ. ಇಂಥದ್ದನ್ನು ಹೇಗೆ ನಿಭಾಯಿಸಿದಿರಿ, ದಯವಿಟ್ಟು ಹೇಳಿ.

ಹೊಳೆನರಸೀಪುರದಿಂದ ಒಬ್ಬ ಅಪ್ಪ

ಮೇಡಂ, ಇದರಲ್ಲಿ ಯೋಚನೆ ಮಾಡೋದು ಏನಿದೆ? ಡಿಬಾರ್ ಮಾಡಿ. ಒಬ್ಬರನ್ನು ಹೊರಗೆ ಹಾಕಿದರೆ ಉಳಿದ ಮೂವತ್ತು ಜನ ತೆಪ್ಪಗೆ ಇರುತ್ತಾರೆ.

ಅರಸೀಕೆರೆಯ ಹೈಸ್ಕೂಲ್ ಮೇಷ್ಟ್ರು

ನನಗೆ ನಾಟ್ಯದ ಗಂಧಗಾಳಿ ಇಲ್ಲ. ಆದರೂ ಪರಿಚಯದವರ ಡ್ಯಾನ್ಸ್ ಕ್ಲಾಸಿನ ಪರೀಕ್ಷೆಗೆ ಒಮ್ಮೆ ನನ್ನನ್ನು ಮೇಲ್ವಿಚಾರಣೆಗೆ ಕೂರಿಸಿದರು. ಮಕ್ಕಳು ಎಷ್ಟು ಶಿಸ್ತು ಅಂತೀರಿ, ಒಂದು ಪಿಸುಮಾತು ಇಲ್ಲ. ಬರೆಯುತ್ತಾ ಬರೆಯುತ್ತಾ ನಡುವೆ ಕೈ ಎತ್ತಿ ಮುದ್ರೆ ಹಿಡಿಯೋದು, ನೋಡೋದು, ಮತ್ತೆ ಬರೆಯೋದು. ಪಾಪ, ನೆನಪು ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಅವರ ಟೀಚರ್ ಒಳಗೆ ಬಂದರು, ಬಾಗಿಲಲ್ಲೇ ನಿಂತರು, ಮುಖ ಕೆಂಪಾಯಿತು. ವಿಷಯ ಏನಪ್ಪಾ ಅಂದರೆ ಸರಿ ಉತ್ತರ ಆರಿಸುವ ಪ್ರಶ್ನೆಗಳಿಗೆ ಪತಾಕ ಹಿಡಿದರೆ ಒಂದನೇ ಉತ್ತರ, ತ್ರಿಪತಾಕ ಎರಡನೇದು, ಅರ್ಧಪತಾಕ ಮೂರನೇದು, ಕರ್ತರೀಮುಖ ನಾಲ್ಕನೇದು. ಶ್ಲೋಕದಲ್ಲಿ ಬರುವ ಕ್ರಮವೇ ಅದಂತೆ! ನನ್ನ ಸರ್ವೀಸಿನಲ್ಲಿ ಇಷ್ಟು ಚೆಂದದ ಕಾಪಿ ನಾನು ನೋಡಿಲ್ಲ, ಸಿಟ್ಟು ಬರಲಿಲ್ಲ, ನಗು ಬಂತು. ಅದಕ್ಕೇ ಹೇಳೋದು, ಥಿಯರಿ ಅಂತ ನನ್ನಂಥವನನ್ನು ಕೂರಿಸಬೇಡಿ. ಹಸ್ತ, ಅಂದರೆ ಈ ಕೈ ಮುದ್ರೆ, ಗೊತ್ತಿರುವವರು ಒಬ್ಬರಾದರೂ ಇರಲಿ. ಮತ್ತೆ ಪಕ್ಕಪಕ್ಕದವರಿಗೆ ಪ್ರಶ್ನೆಯ ಕ್ರಮ ಬದಲಿಸಿ ಕೊಡಿ, ಜೆರಾಕ್ಸ್ ಖರ್ಚು ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆಗುತ್ತದೆ ಅಷ್ಟೆ.

ಬೇಲೂರಿನ ಹಿರಿಯ ಟೀಚರ್

ಅಮ್ಮಾ, ನೀವು ಎರಡು ವಿಷಯ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಚೀಟಿ ಚಿಕ್ಕದು, ನಟ್ಟುವಾಂಗದ್ದು ದೊಡ್ಡದು. ಹಾಗಾಗಿ ಅದನ್ನೇ ಮೊದಲು ಹೇಳುತ್ತೇನೆ.

ನಟ್ಟುವಾಂಗಕ್ಕೆ ಕೂತವರ ಕೆಲಸ ಸೊಲ್ಲುಕಟ್ಟು (ಹೆಜ್ಜೆಗೆ ತಕ್ಕ ತಾಳದ ನುಡಿ) ಹೇಳೋದು, ತಾಳ ಹಿಡಿಯೋದು. ಶುರುವಿನಲ್ಲಿ ಒಂದು ಸಲ ತಲೆ ಆಡಿಸಿ ಎತ್ತಿಕೊಡೋದನ್ನು ಯಾರೂ ತಪ್ಪು ಅನ್ನೋದಿಲ್ಲ. ಆದರೆ ಮಗು ತಡವರಿಸಿತು ಅಂತ ತಾಳದ ವೇಗ ಇಳಿಸೋದು, ತೀರ್ಮಾನ (ಮುಕ್ತಾಯದ ಹೆಜ್ಜೆಗಳು) ಮರೆತಿತು ಅಂತ ಜತಿಯನ್ನು, ಅಂದರೆ ಆ ಸೊಲ್ಲುಗಳ ಸಾಲನ್ನು, ಇನ್ನೊಂದು ಸಲ ಹೇಳೋದು, ತೊಡೆ ಮೇಲೆ ಎಡಗೈಯಲ್ಲಿ ಮುಂದಿನ ಹಸ್ತ ತೋರಿಸೋದು, ಇದೆಲ್ಲ ಕಾಪಿಯೇ. ಚೀಟಿ ಇಟ್ಟುಕೊಂಡ ಹುಡುಗಿಗೆ ಅದು ತಪ್ಪು ಅಂತ ಗೊತ್ತು, ಅದಕ್ಕೇ ಬಚ್ಚಿಡುತ್ತಾಳೆ. ಟೀಚರ್ ಎದುರಿಗೇ ಕೂತು ತೋರಿಸಿಕೊಟ್ಟರೆ ಮಗು ಅದು ಪದ್ಧತಿ ಅಂದುಕೊಳ್ಳುತ್ತದೆ.

ನಾವು ಒಬ್ಬರ ಮಕ್ಕಳಿಗೆ ಇನ್ನೊಬ್ಬರು ನಟ್ಟುವಾಂಗ ಮಾಡೋದು ಅಂತ ಇಟ್ಟುಕೊಂಡೆವು. ಪೂರ್ತಿ ಸರಿಹೋಗಲಿಲ್ಲ. ಅಡವುಗಳಿಗೂ, ಶುರುವಿನ ನೃತ್ಯವಾದ ತಿಶ್ರ ಅಲರಿಪುವಿಗೂ ಆಯಿತು, ಅದು ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ಅದರ ಮುಂದಿನ ನೃತ್ಯಗಳಾದ ಜತಿಸ್ವರಕ್ಕೆ, ಶಬ್ದಕ್ಕೆ ಬಂದರೆ ಒಬ್ಬೊಬ್ಬರ ಜೋಡಣೆ ಒಂದೊಂದು ಥರ, ಬೇರೆಯವರು ಹೇಳಿದರೆ ಮಗು ಬೆಪ್ಪಾಗಿ ನಿಲ್ಲುತ್ತದೆ, ಅದೂ ಅನ್ಯಾಯ ಅಲ್ವಾ. ಹಾಗಾಗಿ ಅವಕ್ಕೆ ಮೊದಲೇ ರೆಕಾರ್ಡ್ ಮಾಡಿ ತಂದು ಹಾಕಿ, ಟೀಚರ್ ಹೊರಗೆ ಕೂರಬೇಕು ಅಂತ ಮಾಡಿದೆವು. ಮೊದಲ ವರ್ಷ ಇಬ್ಬರು ಟೀಚರ್ ಮುನಿಸಿಕೊಂಡರು. ಒಬ್ಬರು ಈಗಲೂ ಮಾತಾಡುವುದಿಲ್ಲ, ಚನ್ನಕೇಶವನ ರಥೋತ್ಸವದಲ್ಲಿ ಎದುರಿಗೆ ಸಿಕ್ಕರೂ ಆ ಕಡೆ ತಿರುಗುತ್ತಾರೆ. ಇರಲಿ.

ಈಗ ಚೀಟಿ. ಕೂಗಬೇಡಿ, ಕಿತ್ತುಕೊಳ್ಳಬೇಡಿ. ಹತ್ತಿರ ಹೋಗಿ ಕೈ ಚಾಚಿ, ಕೊಟ್ಟೇ ಕೊಡುತ್ತಾರೆ. ಉತ್ತರಪತ್ರಿಕೆ ಮೇಲೆ ಟೈಮ್ ಬರೆದು, ಗೆರೆ ಎಳೆದು, ಬೇರೆ ಹಾಳೆ ಕೊಟ್ಟು ಮುಂದಿನದ್ದು ಬರೆಸಿ. ಮುಖ್ಯವಾದದ್ದು, ಮೈ ತಡಕಬೇಡಿ. ಸೀರೆ ಮಡಿಕೆ, ಡಾಬು, ರವಿಕೆ, ಎಲ್ಲೇ ಇದೆ ಅಂತ ಅನುಮಾನ ಬಂದರೂ ಮುಟ್ಟಬೇಡಿ. ಇನ್ನೊಬ್ಬ ಟೀಚರನ್ನು ಕರೆದು, ಅವರ ಎದುರಿಗೆ ಕೇಳಿ. ಮಗುವಿನ ಅಮ್ಮನ ಹತ್ತಿರ ಮಾತಾಡುವಾಗಲೂ ಅವರನ್ನು ಜೊತೆಗೆ ಕೂರಿಸಿಕೊಳ್ಳಿ. ನಿಮಗೆ ಆ ಅಮ್ಮ ಪರಿಚಯ ಅಂದಿರಲ್ಲ, ಆ ಕಾರಣಕ್ಕೇ ತೀರ್ಮಾನ ನೀವು ಹೇಳಬೇಡಿ, ಉಳಿದ ಮೂವರು ಹೇಳಲಿ.

ನಿಜವಾದ ಪರೀಕ್ಷೆಯಲ್ಲಾದರೆ ಇದೆಲ್ಲ ನಮ್ಮ ಕೈಯಲ್ಲಿ ಇರೋದಿಲ್ಲ. ಕೊಠಡಿಯಲ್ಲಿ ಇರುವವರು ಮುಖ್ಯ ಅಧೀಕ್ಷಕರಿಗೆ ಬರೆದು ಕೊಡಬೇಕು, ಮುಂದಿನದು ನಡೆಸುವವರಿಗೆ ಬಿಟ್ಟಿದ್ದು. ಮಾದರಿ ಪರೀಕ್ಷೆ ನಿಮ್ಮದೇ ಆಗಿರೋದರಿಂದ ಶಿಕ್ಷೆ ಏನು ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದು ತಂದೆ-ತಾಯಿ ಕೈಲಿ ಸಹಿ ಹಾಕಿಸಿಕೊಳ್ಳಿ. ಸಿಕ್ಕಿದ ಮೇಲೆ ಕೂತು ಕಾನೂನು ಮಾಡಿದರೆ ಜಗಳ ಗ್ಯಾರಂಟಿ.

ಇನ್ನೊಂದು ಮರೆತೆ. ಮೇಕಪ್ ಹಾಕುವ ಮೊದಲೇ ಮಕ್ಕಳ ಮುಖ ನೋಡಿ ಹೆಸರು ಗುರುತು ಹಾಕಿಕೊಳ್ಳಿ. ಕಣ್ಣಿಗೆ ಕಪ್ಪು ತೀಡಿ, ತಲೆಸಾಮಾನು ಕಟ್ಟಿ ನಿಲ್ಲಿಸಿದರೆ ಅಕ್ಕ ಯಾರು ತಂಗಿ ಯಾರು ಅಂತ ಹೆತ್ತವರಿಗೇ ಗೊತ್ತಾಗೋದಿಲ್ಲ. ಒಮ್ಮೆ ಒಂದು ಕ್ಲಾಸಿನ ಪರೀಕ್ಷೆಯಲ್ಲಿ ತಂಗಿಯ ಹೆಸರಲ್ಲಿ ಅಕ್ಕ ಕುಣಿದು ಹೋದಳು, ನಾನೇ ಅಂಕ ಕೊಟ್ಟೆ, ಅದೂ ಜಾಸ್ತಿ ಕೊಟ್ಟೆ.

ಸಕಲೇಶಪುರದಿಂದ ಒಬ್ಬ ಅಮ್ಮ

ಚೀಟಿ ಸಿಕ್ಕಿದರೆ ಸರಿ, ಸಿಗದೇ ಇದ್ದಾಗ ಏನು ಮಾಡುತ್ತೀರಿ ಅನ್ನೋದನ್ನೂ ಯೋಚಿಸಿ. ನನ್ನ ಮಗಳ ಕ್ಲಾಸಿನಲ್ಲಿ ಹನ್ನೊಂದು ಮಕ್ಕಳು ಅಭಿನಯ ದರ್ಪಣ ಅನ್ನುವ ನಾಟ್ಯದ ಗ್ರಂಥ ಬರೆದವರು ಭರತಮುನಿ ಅಂತ ಬರೆದಿದ್ದರು. ನಂದಿಕೇಶ್ವರ ಅಲ್ವಾ, ಭರತನದು ನಾಟ್ಯಶಾಸ್ತ್ರ. ಎಲ್ಲರದ್ದೂ ಅದೇ ತಪ್ಪು, ವಾಕ್ಯ ಕೂಡ ಅಕ್ಷರಕ್ಕೆ ಅಕ್ಷರ ಅದೇ. ಹೊರಗಿನಿಂದ ಬಂದು ಪೇಪರ್ ತಿದ್ದಿದವರು ಸಾಮೂಹಿಕ ನಕಲು ಅಂತ ಬರೆದುಬಿಟ್ಟರು. ನನ್ನ ಮಗಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ನೋಡಿದರೆ ಕ್ಲಾಸಿನ ನೋಟ್ಸಿನಲ್ಲೇ ಹಾಗಿತ್ತು. ಯಾವುದೋ ಕಾಲದಲ್ಲಿ ಯಾರೋ ಕೈಯಲ್ಲಿ ಬರೆದದ್ದು, ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ಮಕ್ಕಳು ನಿಯತ್ತಾಗಿ ಬಾಯಿಪಾಠ ಮಾಡಿದ್ದವು, ಅಷ್ಟೇ. ಒಂದೇ ಥರ ತಪ್ಪು ಕಂಡರೆ ಮೊದಲು ನೋಟ್ಸ್ ತರಿಸಿ ನೋಡಿ. ಟೀಚರ್ ಕ್ಷಮೆ ಕೇಳಲಿಲ್ಲ, ಹೊಸ ನೋಟ್ಸ್ ಕೊಟ್ಟರು. 80 ರೂಪಾಯಿ ತೆಗೆದುಕೊಂಡರು.

ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿನಿ

ಅಕ್ಕಾ, ನಾನು ಚೀಟಿ ಇಟ್ಟುಕೊಂಡಿದ್ದವಳು. ಒಂಬತ್ತನೇ ಕ್ಲಾಸಿನಲ್ಲಿ. ಶಿರೋಭೇದ (ತಲೆಯ ಚಲನೆ) ಒಂಬತ್ತು, ದೃಷ್ಟಿಭೇದ (ಕಣ್ಣಿನದು) ಎಂಟು, ಗ್ರೀವಾಭೇದ (ಕತ್ತಿನದು) ನಾಲ್ಕು, ಆಮೇಲೆ ಅಸಂಯುತ ಹಸ್ತ (ಒಂದೇ ಕೈಯ ಮುದ್ರೆ) 28. ಅಷ್ಟೂ ಜಾಮೆಟ್ರಿ ಬಾಕ್ಸಿನ ಮುಚ್ಚಳದ ಒಳಗೆ. ತಮಾಷೆ ಅಂದರೆ ಇವೆಲ್ಲ ನನಗೆ ಮಾಡೋಕೆ ಬರುತ್ತಿತ್ತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಕೈ ತಾನೇ ಹಿಡಿಯುತ್ತಿತ್ತು. ಹೆಸರು ಬರೆಯೋಕೆ ಬರುತ್ತಿರಲಿಲ್ಲ. ಆರು ವರ್ಷ ಬರೀ ಕುಣಿಸಿ, ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಶ್ಲೋಕ ಅಂತ ಹಾಳೆ ಕೈಗೆ ಕೊಟ್ಟರೆ ಏನು ಮಾಡಬೇಕು ಹೇಳಿ. ನಾನು ಮಾಡಿದ್ದು ಸರಿ ಅಂತ ಹೇಳುತ್ತಿಲ್ಲ.

ಸೊನ್ನೆ ಕೊಟ್ಟರು, ಅದಕ್ಕೆ ಬೇಜಾರಿಲ್ಲ. ಸಂಜೆ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು ಹಾಕಿ, ಬಾಕ್ಸಿನ ಫೋಟೊ ಹಾಕಿದರು. ನಾಲ್ಕು ಅಮ್ಮಂದಿರು ಅದಕ್ಕೆ ಕೈ ಮುಗಿಯುವ ಚಿತ್ರ ಹಾಕಿದರು. ನಾನು ಮತ್ತೆ ಆ ಕ್ಲಾಸಿಗೆ ಹೋಗಲಿಲ್ಲ. ಬೇರೆ ಕ್ಲಾಸಿಗೂ ಹೋಗಲಿಲ್ಲ.

ಬೇಲೂರಿನ ಹಿರಿಯ ಟೀಚರ್

ಈ ಮಗು ಹೇಳಿದ್ದನ್ನು ಓದಿ ಇನ್ನೊಂದು ಸೇರಿಸುತ್ತೇನೆ. ಖಂಡ ಜಾತಿ ಅಟ್ಟ ತಾಳಕ್ಕೆ ಎಷ್ಟು ಅಕ್ಷರ, ಅಂದರೆ ಎಷ್ಟು ಎಣಿಕೆ, ಅಂತ ಕೇಳಿದರೆ 14 ಅಂತ ಚೀಟಿ ನೋಡಿ ಬರೆಯಬಹುದು. ಕೈಯಲ್ಲಿ ತಾಳ ಹಾಕಿ ತೋರಿಸು ಅನ್ನಿ. ಐದು, ಐದು, ಎರಡು, ಎರಡು. ಬೆರಳು ಎಣಿಸುವಾಗ ಚೀಟಿ ಎಲ್ಲಿ ಹಿಡಿಯೋದು? ಜೂನಿಯರ್ ಮಕ್ಕಳಿಗೆ ಕೇಳುವ ಅರ್ಧ ಪ್ರಶ್ನೆಯನ್ನು ಪೇಪರಿನಿಂದ ತೆಗೆದು ಬಾಯಿ ಪರೀಕ್ಷೆಗೆ ಹಾಕಿ. ನಿಜವಾದ ಪರೀಕ್ಷೆಯಲ್ಲಿ ಬರೆಯಲೇಬೇಕು, ಹಾಗಾಗಿ ಪೂರ್ತಿ ತೆಗೆಯಬೇಡಿ.

ಹೊಳೆನರಸೀಪುರದಿಂದ ಒಬ್ಬ ಅಪ್ಪ

ನಾನು ಹೇಳಿದ್ದು ಸ್ವಲ್ಪ ಖಡಕ್ ಆಯಿತು. ಆದರೂ ಶಿಕ್ಷೆ ಬೇಕು ಅನ್ನೋದರಿಂದ ಹಿಂದೆ ಸರಿಯೋದಿಲ್ಲ. ಹಾಗೇ ಒಂದು ಮಾತು, ನಮ್ಮ ಕಡೆ ಒಂದು ಕ್ಲಾಸಿನಲ್ಲಿ ಪರೀಕ್ಷಕರಿಗೆ ಸೀರೆ, ಹಣ್ಣಿನ ತಟ್ಟೆ ಅಂತ ತಲೆಗೆ 300 ರೂಪಾಯಿ ಎತ್ತಿದರು, ಅದೂ ಅಂಕ ಹಾಕುವ ಮೊದಲು. ಎಲ್ಲರೂ ಕೊಟ್ಟೆವು. ನಾನೂ ಕೊಟ್ಟೆ.

ಕೇಳಿದವರು, ಹನ್ನೆರಡು ದಿನ ಆದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಬೇಕಲ್ಲ. ಆ ಟೀಚರನ್ನು ಮನೆಗೆ ಕಾಫಿಗೆ ಕರೆದೆ. ಬೇಲೂರಿನ ಅಕ್ಕ ಬರೆದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ನಿಧಾನಕ್ಕೆ ಹೇಳಿದೆ. ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. ಫೋನ್ ತೆಗೆದು ಯಾರೋ ಪೋಷಕರು ಕಳಿಸಿದ್ದ ವಿಡಿಯೊ ಹಾಕಿದರು. ಅದರಲ್ಲಿ ಕುಣಿಯುತ್ತಾ ಇರೋದು ನನ್ನ ಶಿಷ್ಯೆ. ತಟ್ಟುಮಣೆ (ತಾಳ ತಟ್ಟುವ ಮಣೆ) ಮುಂದೆ ಕೂತಿರೋದು ನಾನು. ಮೂರನೇ ತೀರ್ಮಾನಕ್ಕೆ ಮೊದಲು ನನ್ನ ಗಲ್ಲ ಬಲಕ್ಕೆ ಹೋಗುತ್ತದೆ, ಹುಡುಗಿ ಬಲಕ್ಕೆ ಹೋಗುತ್ತಾಳೆ. ನನಗೆ ಗೊತ್ತೇ ಇರಲಿಲ್ಲ, ದೇವರಾಣೆ. ಎರಡು ಸಲ ಹಾಕಿ ನೋಡಿದೆವು, ಆಮೇಲೆ ಇಬ್ಬರೂ ನಕ್ಕೆವು, ನನಗೆ ನಗು ಸರಿಯಾಗಿ ಬರಲಿಲ್ಲ.

ಮುಂದಿನ ಸುತ್ತಿಗೆ ಅಡವು, ಅಲರಿಪು ಅದಲುಬದಲು, ಉಳಿದದ್ದು ರೆಕಾರ್ಡ್. ಬಹುಮಾನ ತೆಗೆದೆವು. ನೋಟ್ಸ್ ನಾಲ್ಕೂ ಕ್ಲಾಸಿನವರು ಕೂತು ತಿದ್ದುತ್ತಾ ಇದ್ದೇವೆ, ಈಗಾಗಲೇ ಏಳು ತಪ್ಪು ಸಿಕ್ಕಿದೆ. ಚೀಟಿ ಸಿಕ್ಕ ಪ್ರಶ್ನೆಗೆ ಹುಡುಗಿಗೆ ಅಂಕ ಇಲ್ಲ, ಉಳಿದದ್ದಕ್ಕೆ ಇದೆ. ಉಳಿದ ಮೂವರು ಹೇಳಿದ ತೀರ್ಮಾನ. ಗುಂಪಿನಲ್ಲಿ ಯಾರೂ ಏನೂ ಹಾಕಿಲ್ಲ. ಹೋದ ಗುರುವಾರ ಕ್ಲಾಸಿಗೆ ಬಂದಳು, ಹಿಂದಿನ ಸಾಲಿನಲ್ಲಿ ನಿಂತಳು.

ಚಿಕ್ಕಮಗಳೂರಿನ ತಂಗೀ, ಹಾಸನದ ಕಡೆ ಬಂದರೆ ಒಂದು ಮೆಸೇಜ್ ಹಾಕು.