‘ಸ್ಟೂವರ್ಡ್‌ಶಿಪ್’: ಭೂಮಿಗೆ ನಾವು ಏನಾಗಬೇಕು?

ಎಲ್ಲರಿಗೂ ನಮಸ್ಕಾರ.

ನಮ್ಮ ಧರ್ಮಕೇಂದ್ರದಲ್ಲಿ ತೆನೆ ಹಬ್ಬದ ದಿನ ಹಂಚಲು ಕನ್ನಡದಲ್ಲಿ ಒಂದು ಕರಪತ್ರ ಬರೆಯುತ್ತಿದ್ದೇವೆ. ‘ಸ್ಟೂವರ್ಡ್‌ಶಿಪ್’ ಅನ್ನುವ ಇಂಗ್ಲಿಷ್ ಪದಕ್ಕೆ, ಅಂದರೆ ಇನ್ನೊಬ್ಬರ ಸೊತ್ತನ್ನು ಹೊಣೆಯಿಂದ ನೋಡಿಕೊಳ್ಳುವುದಕ್ಕೆ, ಸರಿಯಾದ ಕನ್ನಡ ಪದ ಸಿಗದೆ ಕೆಲಸ ನಿಂತಿದೆ. ನಿಮ್ಮ ಸಹಾಯ ಬೇಕು.

ಪದ ಎಲ್ಲಿ ಬರುತ್ತದೆ ಅಂತ ಮೊದಲು ಹೇಳುತ್ತೇನೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ‘ಲೌದಾತೊ ಸಿ’ ಎಂಬ ವಿಶ್ವಪತ್ರ (ಇಡೀ ಧರ್ಮಸಭೆಗೆ ಪೋಪ್ ಬರೆಯುವ ಪತ್ರ) ಬರೆದರು. ಭೂಮಿ ನಮ್ಮೆಲ್ಲರ ಮನೆ, ಅದನ್ನು ನೋಡಿಕೊಳ್ಳುವುದೂ ಭಕ್ತಿಯೇ ಅನ್ನುವುದು ಅದರ ತಿರುಳು. ಹೆಸರು ಬಂದದ್ದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಾಡಿನಿಂದ. ಆ ಹಾಡಿನಲ್ಲಿ ಅವರು ಭೂಮಿಯನ್ನು ಒಂದೇ ಉಸಿರಿಗೆ ಸೋದರಿ ಅಂತಲೂ ತಾಯಿ ಅಂತಲೂ ಕರೆಯುತ್ತಾರೆ. ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೆ ಜೀವಿಗಳ ಮೇಲೆ ‘ದೊರೆತನ’ ಕೊಟ್ಟ ಮಾತಿದೆ. ಎರಡನೇ ಅಧ್ಯಾಯದಲ್ಲಿ ತೋಟವನ್ನು ಉಳಲು, ಕಾಯಲು ಅವನನ್ನು ಅಲ್ಲಿಟ್ಟ ಮಾತಿದೆ. ಆ ದೊರೆತನವನ್ನು ಹೊಣೆಯರಿತ ಸ್ಟೂವರ್ಡ್‌ಶಿಪ್ ಅಂತ ತಿಳಿಯಬೇಕು ಅನ್ನುತ್ತದೆ ಆ ವಿಶ್ವಪತ್ರ.

ನಮ್ಮ ಮುಂದಿರುವ ಪದಗಳು ಇವು. ‘ಉಸ್ತುವಾರಿ’ ಅಂದರೆ ಜಿಲ್ಲಾ ಉಸ್ತುವಾರಿ ಸಚಿವರೇ ನೆನಪಾಗುತ್ತಾರೆ. ‘ಮೇಲ್ವಿಚಾರಣೆ’ಯಲ್ಲಿ ಕೈ ಕೆಸರಾಗುವುದೇ ಇಲ್ಲ. ‘ಪಾರುಪತ್ಯ’ ಹಳೆಯ ಒಳ್ಳೆಯ ಪದ, ಆದರೆ ಈಗ ಅದು ದರ್ಬಾರು ನಡೆಸುವ ಅರ್ಥಕ್ಕೆ ಜಾರಿದೆ, ಅಲ್ವಾ? ‘ಸಂರಕ್ಷಣೆ’ ಅಂದರೆ ಬೇಲಿ ಹಾಕಿ ಬೋರ್ಡು ನೆಟ್ಟ ಹಾಗೆ. ‘ಆರೈಕೆ’ ನನಗೆ ತುಂಬಾ ಇಷ್ಟ. ಬಾಣಂತಿಗೂ ಆರೈಕೆ, ಅಡಿಕೆ ಸಸಿಗೂ ಆರೈಕೆ. ಆದರೆ ಅದು ಕೆಲಸವನ್ನು ಹೇಳುತ್ತದೆ, ಮಾಡುವವನಿಗೂ ನೆಲಕ್ಕೂ ಇರುವ ಸಂಬಂಧವನ್ನು ಹೇಳುವುದಿಲ್ಲ.

ಅದಕ್ಕೇ ನನ್ನ ಮನಸ್ಸು ‘ಒಕ್ಕಲು’ ಕಡೆಗೆ ವಾಲಿದೆ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ದೇವರು ‘ನೆಲ ನನ್ನದು’ ಅನ್ನುತ್ತಾನೆ. ನೀವು ನನ್ನ ಹತ್ತಿರ ಬಂದು ನೆಲಸಿದವರು ಅಷ್ಟೇ, ಆದ್ದರಿಂದ ಅದನ್ನು ಶಾಶ್ವತವಾಗಿ ಮಾರಬೇಡಿ ಅನ್ನುವ ಕಟ್ಟಳೆ ಅದು. ಒಕ್ಕಲು ಅಂದರೂ ಅದೇ ತಾನೆ? ಉಳುತ್ತಾನೆ, ಅಲ್ಲೇ ವಾಸ ಮಾಡುತ್ತಾನೆ, ಒಡೆಯ ಬೇರೆ. ಅದೇ ಪದದಲ್ಲಿ ಸಂಸಾರವೂ ಇದೆ. ನಮ್ಮ ಕಡೆ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುತ್ತಾರೆ. ಮನೆ, ಬೇಸಾಯ, ಇನ್ನೊಬ್ಬರ ನೆಲ ಎನ್ನುವ ಎಚ್ಚರ, ಮೂರೂ ಒಟ್ಟಿಗೆ ಸಿಗುವ ಬೇರೆ ಪದ ನನಗೆ ಕಾಣಲಿಲ್ಲ.

ತೊಡಕು ಇರುವುದೂ ಇಲ್ಲೇ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಅಂತ ಎರಡು ಬಗೆಯ ಗೇಣಿ ಇದ್ದವು. ಮೂಲಗೇಣಿ ವಂಶಪಾರಂಪರ್ಯವಾಗಿ ಬರುವಂಥದ್ದು. ಚಾಲಗೇಣಿ ಒಕ್ಕಲಿಗೆ ಅಂಥ ಭದ್ರತೆ ಇರಲಿಲ್ಲ, ಧಣಿಗೆ ಬೇಡವಾದರೆ ಎಬ್ಬಿಸಬಹುದಿತ್ತು. ‘ಒಕ್ಕಲೆಬ್ಬಿಸು’ ಅನ್ನುವ ಮಾತು ನಮ್ಮ ಹಿರಿಯರಿಗೆ ಬರೀ ನಿಘಂಟಿನ ಪದವಲ್ಲ. 1974ರ ಭೂಸುಧಾರಣೆ ಕಾನೂನಿನ ಮೇಲೆ ಡಿಕ್ಲರೇಶನ್ (ಉಳುವ ನೆಲ ತಮಗೆ ಸಿಗಲಿ ಅನ್ನುವ ಅರ್ಜಿ) ಹಾಕಿ ಗೇಣಿದಾರರು ಒಡೆಯರಾದರು. ಕ್ರೈಸ್ತ ಕುಟುಂಬಗಳೂ ಅದರಲ್ಲಿದ್ದವು. ‘ಉಳುವವನೇ ಹೊಲದೊಡೆಯ’ ಅಂತ ಹೋರಾಡಿ ಗೆದ್ದವರ ಮುಂದೆ ‘ನಾವೆಲ್ಲ ದೇವರ ಒಕ್ಕಲು’ ಅಂದರೆ ಅವರಿಗೆ ನೋವಾಗುತ್ತದೆಯೇ? ಅಥವಾ ಈ ಧಣಿ ಗೇಣಿ ಕೇಳುವುದಿಲ್ಲ, ಎಬ್ಬಿಸುವುದೂ ಇಲ್ಲ ಅಂತ ಸಮಾಧಾನ ಆಗುತ್ತದೆಯೇ? ಆ ನೋವನ್ನು ಸುಮ್ನೆ ದಾಟಿ ಹೋಗಲು ನನಗೆ ಇಷ್ಟವಿಲ್ಲ.

ತೆನೆ ಹಬ್ಬ ಗೊತ್ತಿಲ್ಲದವರಿಗೆ ಒಂದು ಮಾತು. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಕೊಂಕಣಿಯಲ್ಲಿ ಮೊಂತಿ ಫೆಸ್ತ್. ಚರ್ಚಿನಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯಲ್ಲಿ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಪ್ರಾರ್ಥನೆ ಮುಗಿಸಿ, ಎಲ್ಲರೂ ಕುಡಿಯುತ್ತಾರೆ. ಈಗ ಗದ್ದೆ ಇಲ್ಲದ ಮನೆಗಳೇ ಜಾಸ್ತಿ. ಆದರೂ ತೆನೆ ಬೇಕೇ ಬೇಕು. ಕರಪತ್ರ ಓದುವವರು ಇವರೇ.

ನನ್ನ ಪ್ರಶ್ನೆಗಳು: ಧಾರವಾಡದ ಕಡೆ ‘ಒಕ್ಕಲುತನ’ ಅಂದರೆ ಬರೀ ಬೇಸಾಯವೋ, ಗೇಣಿಯ ನೆರಳೂ ಇದೆಯೋ? ಹಳೇ ಮೈಸೂರಿನವರಿಗೆ ‘ಒಕ್ಕಲು’ ಅಂದ ಕೂಡಲೇ ಜಾತಿ ನೆನಪಾಗುತ್ತದೆಯೇ? ಮಲೆನಾಡಿನಲ್ಲಿ ಹೇಗೆ? ಕರಪತ್ರದ ಮೊದಲ ಸಾಲು ಸದ್ಯಕ್ಕೆ ಹೀಗಿದೆ: ‘ಈ ನೆಲ ದೇವರದು, ನಾವು ಅದರ ಒಕ್ಕಲು.’ ಓದಿದವರಿಗೆ ಏನನ್ನಿಸಿತು ಅಂತ ದಯವಿಟ್ಟು ಬರೆಯಿರಿ. ಇದಕ್ಕಿಂತ ಒಳ್ಳೆಯ ಪದ ನಿಮ್ಮೂರಲ್ಲಿದ್ದರೆ ಅದನ್ನೂ ತಿಳಿಸಿ.