ಬೋರ್ಡ್ ಕೆಳಗೆ ಕೂತವರನ್ನು ಎಬ್ಬಿಸೋದು ಹೇಗೆ? (ದಾವಣಗೆರೆ ಸಿಟಿ ಬಸ್)

ನಿಟ್ಟುವಳ್ಳಿ ಯಜಮಾನ:

ಅರವತ್ತು ದಾಟಿದೆ ನನಗೆ. ಹತ್ತಿ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತೇ ದುಡಿದವನು. ನಿಲ್ಲೋದು ಹೊಸದಲ್ಲ, ಆದರೆ ಈಗ ಮೊಣಕಾಲು ಮಾತು ಕೇಳುತ್ತಿಲ್ಲ. ನಿಟ್ಟುವಳ್ಳಿಯಿಂದ ಗಾಂಧಿ ಸರ್ಕಲ್ ಕಡೆಗೆ ಸಿಟಿ ಬಸ್ಸಲ್ಲೇ ಓಡಾಟ.

ನನ್ನ ತಕರಾರು ಆ ಬೋರ್ಡಿನದು. 'ಹಿರಿಯ ನಾಗರಿಕರಿಗೆ' ಅಂತ ಕಿಟಕಿಯ ಮೇಲೆ ಬರೆದಿರುತ್ತಾರೆ. ಅಂದರೆ ಕೂತವನ ತಲೆಗಿಂತ ಮೇಲೆ. ಕೂತವನಿಗೆ ಅದು ಕಾಣೋದೇ ಇಲ್ಲ. ನಿಂತವನಿಗೆ ಮಾತ್ರ ಕಣ್ಣಿಗೆ ನೇರ. ಸೀಟು ಸಿಗದವನೇ ದಾರಿಯುದ್ದಕ್ಕೂ ಅದನ್ನು ಓದುತ್ತಾ ನಿಂತಿರಬೇಕು!

ಮೊನ್ನೆ ಆ ಸೀಟಿನಲ್ಲಿ ಒಬ್ಬ ಕಾಲೇಜು ಹುಡುಗ, ಕಿವಿಯಲ್ಲಿ ಇಯರ್‌ಫೋನ್. ಅವನ ಪಕ್ಕದಲ್ಲಿ ಒಂದು ಮಂಡಕ್ಕಿ ಚೀಲ. (ನಮ್ಮೂರಲ್ಲಿ ಮಂಡಕ್ಕಿಗೆ ಇರುವ ಮರ್ಯಾದೆ ಗೊತ್ತಲ್ಲ.) ನಾನು ಬೋರ್ಡಿನ ಕಡೆ ಕೈ ತೋರಿಸಿದೆ. ಹುಡುಗ ಎದ್ದ, ಮುಖ ಊದಿಸಿಕೊಂಡು. ಹಿಂದಿನಿಂದ ಯಾರೋ 'ಅಷ್ಟು ಕಷ್ಟ ಆದ್ರೆ ಆಟೋದಲ್ಲಿ ಹೋಗ್ಬೇಕಪ್ಪ' ಅಂದರು. ಇಳಿಯುವವರೆಗೂ ಆ ಸೀಟು ಚುಚ್ಚುತ್ತಿತ್ತು. ಚೀಲ ಯಾರದು ಅಂತ ಕೊನೆಗೂ ಗೊತ್ತಾಗಲಿಲ್ಲ.

ನೀವೆಲ್ಲ ಹೇಗೆ ಕೇಳುತ್ತೀರಿ? ನಾವೇ ಕೇಳಬೇಕಾ, ಕಂಡಕ್ಟರಿಗೆ ಹೇಳಬೇಕಾ?

ಹಳೇ ಕಂಡಕ್ಟರ್:

ಯಜಮಾನ್ರೆ, ಬ್ಯಾಗು ಹಾಕಿಕೊಂಡು ವರ್ಷಗಟ್ಟಲೆ ತಿರುಗಿದವನು ನಾನು. ಬೋರ್ಡು ತೋರಿಸಬೇಡಿ. ತೋರಿಸಿದರೆ ಕೂತವನಿಗೆ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಾಗುತ್ತದೆ. ನಾಲ್ಕು ಜನರ ಮುಂದೆ ಯಾರು ಒಪ್ಪುತ್ತಾರೆ? 'ತಮ್ಮಾ, ಕಾಲು ನೋವು, ಸ್ವಲ್ಪ ಜಾಗ ಕೊಡ್ತೀಯಾ' ಅನ್ನಿ, ಏಳುತ್ತಾರೆ. ನಾನೂ ಟಿಕೆಟ್ ಕೊಡುತ್ತಲೇ 'ಏನಪ್ಪಾ, ಎಲ್ಲಿ ಇಳಿಯೋದು? ಅಜ್ಜಾರು ನಿಂತಿದಾರೆ ನೋಡು' ಅನ್ನುತ್ತಿದ್ದೆ. ಜಗಳ ಆಗುತ್ತಿರಲಿಲ್ಲ. ಬೋರ್ಡಿನಿಂದ ಕೆಲಸ ಆಗುವುದಾದರೆ ಚಿಲ್ಲರೆಯೂ ಸಿಗಬೇಕಿತ್ತು. 'ಸರಿಯಾದ ಚಿಲ್ಲರೆ ಕೊಡಿ' ಅಂತ ಬರೆದಿದ್ದರೂ ಮೊದಲ ಟ್ರಿಪ್ಪಿಗೇ ಐನೂರರ ನೋಟು ಬರುತ್ತಿತ್ತು.

ಆಮೇಲೆ ಆ ಚೀಲ. ಯಾರದು ಅಂತ ಕೇಳಿದರೆ ಯಾರೂ ಬಾಯಿ ಬಿಡೋದಿಲ್ಲ. 'ಈ ಚೀಲಕ್ಕೆ ಟಿಕೆಟ್ ಆಗಿದೆಯಾ' ಅಂತ ಜೋರಾಗಿ ಕೇಳಿ. ಒಡೆಯ ಓಡಿ ಬರುತ್ತಾನೆ.

ವಿದ್ಯಾನಗರದ ಅಕ್ಕ:

ಕಂಡಕ್ಟರ್ ಅಣ್ಣ ಹೇಳಿದ್ದು ಅಜ್ಜಾರಿಗೆ ಸರಿ. ನಮಗೆ ನಡೆಯೋದಿಲ್ಲ. ಮಹಿಳೆಯರ ಸೀಟಿನಲ್ಲಿ ಕೂತ ಗಂಡಸಿನ ಹತ್ತಿರ ನಾವು ಯಾಕೆ ಬೇಡಿಕೊಳ್ಳಬೇಕು? ನನಗೆ ಬೋರ್ಡೇ ಬೇಕು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತಲ್ಲ, ಆಮೇಲೆ ಇದು ಜಾಸ್ತಿ. 'ಫ್ರೀಯಾಗಿ ಬರ್ತೀರಿ, ನಿಂತ್ಕೊಳ್ಳಿ' ಅಂತ ನನ್ನ ಮುಖಕ್ಕೇ ಹೇಳಿದ್ದಾರೆ. ನಮ್ಮ ಟಿಕೆಟ್ ಮೇಲೆ ಸೊನ್ನೆ ಇರಬಹುದು, ಆ ದುಡ್ಡನ್ನು ಸರ್ಕಾರ ನಿಗಮಕ್ಕೆ ಕೊಡಬೇಕು. ಸುಮ್ನೆ ಹತ್ತಿದವರಲ್ಲ ನಾವು. ಗಂಡಸರಿಗೆ ಅನ್ಯಾಯ ಆಗಬಾರದು ಅಂತ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅವರಿಗೆ ಶೇ 50 ಸೀಟು ಅಂತಲೂ ಅದೇ ಆದೇಶದಲ್ಲಿ ಹೇಳಿದ್ದರು. ಅದನ್ನು ಮಾತ್ರ ಎಲ್ಲರೂ ಬಾಯಿಪಾಠ ಮಾಡಿದ್ದಾರೆ.

ಬಿಐಇಟಿ (ಇಂಜಿನಿಯರಿಂಗ್ ಕಾಲೇಜು) ಹುಡುಗ:

ಇಯರ್‌ಫೋನ್ ಹುಡುಗರ ಪರವಾಗಿ ಒಂದು ಮಾತು. ಸ್ಪೀಕರಲ್ಲಿ ಹಾಡು ಹಾಕಿದರೂ ಬೈಯುತ್ತೀರಿ. 2021ರಲ್ಲೇ ಕೆಎಸ್‌ಆರ್‌ಟಿಸಿ ಅದನ್ನು ನಿಷೇಧಿಸಿದೆ, ಹೇಳಿದ ಮೇಲೂ ಕೇಳದಿದ್ದರೆ ಬಸ್ಸಿನಿಂದ ಇಳಿಸಬಹುದು. ಅದಕ್ಕೇ ಕಿವಿಗೆ ಸಿಕ್ಕಿಸಿಕೊಂಡಿರುತ್ತೇವೆ. ಭುಜ ತಟ್ಟಿ ಸರ್, ಏಳುತ್ತೇವೆ. ಇನ್ನೊಂದು, ತಪ್ಪು ತಿಳಿಯಬೇಡಿ, ನೀವು ಕೂದಲಿಗೆ ಬಣ್ಣ ಹಚ್ಚುತ್ತೀರಾ? ಹಚ್ಚಿದರೆ ನಮಗೆ ವಯಸ್ಸು ಹೇಗೆ ಗೊತ್ತಾಗಬೇಕು?

ನಿಟ್ಟುವಳ್ಳಿ ಯಜಮಾನ:

ಹಚ್ಚುತ್ತೇನಪ್ಪ. ಮನೆಯವಳ ಆರ್ಡರ್. ಸೀಟಿಗೋಸ್ಕರ ಅದನ್ನು ಬಿಡೋಕಾಗಲ್ಲ.

ಚೀಲದ ಉಪಾಯ ಭೇಷ್, ಸೋಮವಾರವೇ ನೋಡುತ್ತೇನೆ. ಅಕ್ಕಾರೆ, ಬೋರ್ಡು ಬೇಡ ಅಂತ ನಾನೂ ಹೇಳಿಲ್ಲ. ಜಾಗ ಬದಲಾಗಲಿ ಅಷ್ಟೇ. ಎದುರು ಸೀಟಿನ ಬೆನ್ನಿಗೆ ಅಂಟಿಸಿದರೆ ಕೂತವನ ಮೂಗಿನ ನೇರಕ್ಕೆ ಬರುತ್ತದೆ. ಡಿಪೋಗೆ ಒಂದು ಅರ್ಜಿ ಬರೆಯುತ್ತಿದ್ದೇನೆ. ಯಾರ್ಯಾರು ಸಹಿ ಹಾಕುತ್ತೀರಿ ಹೇಳಿ.