ಅಪ್‌ಡೇಟ್: ಕಂಪ್ರೆಸರ್ ಮೋಟರ್ ಬಿಸಿಯಾಗಲು ಕಾರಣ ಸಿಕ್ಕಿತು

ಹೋದ ವಾರ ಕೇಳಿದ್ದೆ: ಪಂಕ್ಚರ್ ಅಂಗಡಿಯ 2 ಎಚ್‌ಪಿ ಸಿಂಗಲ್ ಫೇಸ್ ಕಂಪ್ರೆಸರ್ ಹತ್ತೇ ನಿಮಿಷಕ್ಕೆ ಕಾದು ಟ್ರಿಪ್ ಆಗುತ್ತಿದೆ, ಹೊಸ ರನ್ ಕೆಪಾಸಿಟರ್ (ಮೋಟರ್ ಓಡುವಷ್ಟು ಹೊತ್ತೂ ಕೆಲಸ ಮಾಡುವುದು) ಹಾಕಿದರೂ ಅದೇ ಕಥೆ ಅಂತ.

ನೀವು ಹೇಳಿದ ಹಾಗೆ ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಹಾಕಿದೆ. ಮೋಟರ್ ಪ್ಲೇಟ್ ಮೇಲೆ 11 ಆಂಪ್ಸ್ ಅಂತಿದೆ, ಮೀಟರ್ 19 ತೋರಿಸಿತು. ಬೆಲ್ಟ್ ತೆಗೆದು ಖಾಲಿ ಓಡಿಸಿದರೂ ಜಾಸ್ತಿ ಇಳಿಯಲಿಲ್ಲ. ಅಂದರೆ ಪಂಪ್ ಬಿಗಿಯಾಗಿಲ್ಲ, ತೊಂದರೆ ಮೋಟರ್‌ನಲ್ಲೇ. ಆಗ ಗಮನಕ್ಕೆ ಬಂತು: ವೇಗ ಹಿಡಿದಾಗ ಕೇಳಬೇಕಾದ 'ಟಕ್' ಸದ್ದೇ ಇಲ್ಲ!

ಪ್ಲಗ್ ಕಿತ್ತು, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ (ಹಿಂದೊಮ್ಮೆ ಹೊಡೆಸಿಕೊಂಡಿದ್ದೇನೆ, ಸಾಕು) ಹಿಂದಿನ ಕವರ್ ಬಿಚ್ಚಿದೆ. ಆ 'ಟಕ್' ಸದ್ದು ಮಾಡುವ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ (ವೇಗ ಹೆಚ್ಚಿದಾಗ ತಾನಾಗಿ ಬಿಟ್ಟುಕೊಳ್ಳುವುದು) ಪಾಯಿಂಟ್‌ಗಳು ಸುಟ್ಟು ಅಂಟಿಕೊಂಡಿದ್ದವು. ಸುಮಾರು ಮುಕ್ಕಾಲು ವೇಗಕ್ಕೆ ಬಂದಾಗ ಬಿಟ್ಟುಕೊಳ್ಳಬೇಕಾದ, ಮೋಟರ್ ಶುರು ಮಾಡಲಷ್ಟೇ ಇರುವ ಸ್ಟಾರ್ಟಿಂಗ್ ವೈಂಡಿಂಗ್‌ಗೆ ಇಡೀ ಹೊತ್ತು ಕರೆಂಟ್ ಹೋಗುತ್ತಿತ್ತು. ಸ್ಟಾರ್ಟ್ ಕೆಪಾಸಿಟರ್ ಇರುವುದೇ ಕೆಲವು ಸೆಕೆಂಡಿನ ಕೆಲಸಕ್ಕೆ ಅಲ್ವಾ? ಅದು ಊದಿಕೊಂಡು ಕೂತಿತ್ತು. ನಾನು ಸುಮ್ನೆ ರನ್ ಕೆಪಾಸಿಟರ್‌ಗೆ ದುಡ್ಡು ಹಾಕಿದ್ದೆ.

ಸ್ವಿಚ್ ಹೊಸದು ಹಾಕಿಸಿದೆ, ಸ್ಟಾರ್ಟ್ ಕೆಪಾಸಿಟರ್ ಕೂಡ, ಹಳೆಯದರಷ್ಟೇ ಮೈಕ್ರೋಫ್ಯಾರಡ್‌ದು. ಈಗ ಲೋಡ್‌ನಲ್ಲಿ 10 ಆಂಪ್ಸ್. ಅರ್ಧ ಗಂಟೆ ಓಡಿದರೂ ಟ್ರಿಪ್ ಇಲ್ಲ. ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಮಾತ್ರ ಸ್ವಲ್ಪ ಬಿಸಿ ಹೆಚ್ಚು. ಆ ಹೊತ್ತಿನಲ್ಲಿ ಓಡಿಸುವುದನ್ನೇ ಬಿಟ್ಟಿದ್ದೇನೆ, ಟ್ಯಾಂಕ್ ಮಧ್ಯಾಹ್ನವೇ ತುಂಬಿಸಿಕೊಳ್ಳುತ್ತೇನೆ.